ಬಣ್ಣ ನೋಡಿ ಖಾರ ಅಳೆದವನು: ಪುಣೆಯ ಒಂದು ಮಿಸಳ್ ಪ್ರಕರಣ

ತಿಂದವನ ವಯಸ್ಸು ಇಪ್ಪತ್ನಾಲ್ಕು, ಊರು ಕುಂದಾಪುರ. ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಕ್ಕಿ ಪುಣೆಗೆ ಬಂದು ತಿಂಗಳು ತುಂಬಿರಲಿಲ್ಲ. ಹೊಟ್ಟೆಹುಣ್ಣು, ಉಬ್ಬಸ, ಅಲರ್ಜಿ ಯಾವುದೂ ಇರಲಿಲ್ಲ. ದಿನನಿತ್ಯ ನುಂಗುವ ಮಾತ್ರೆಯೂ ಇಲ್ಲ. ಒಟ್ಟಿನಲ್ಲಿ ಗಟ್ಟಿ ಆರೋಗ್ಯ. ತನ್ನ ಖಾರದ ತಾಕತ್ತಿನ ಬಗ್ಗೆ ಆತನಿಗಿದ್ದ ನಂಬಿಕೆ ಅದಕ್ಕಿಂತಲೂ ಗಟ್ಟಿ. ಕೋಳಿ ಸುಕ್ಕ, ಘೀ ರೋಸ್ಟ್, ಕೆಂಪಗೆ ಕುದಿಯುವ ಮೀನು ಸಾರು ತಿಂದು ಬೆಳೆದವನಿಗೆ ಮೊಳಕೆ ಕಾಳಿನ ಸಾರು ಏನು ಮಾಡೀತು ಎಂಬುದು ಅವನ ವಾದ.

ಸ್ಥಳ ಕರ್ವೆನಗರದ ಒಂದು ಕೊಲ್ಹಾಪುರಿ ಮಿಸಳ್ ಅಂಗಡಿ, ಭಾನುವಾರ ಬೆಳಿಗ್ಗೆ. ಜೊತೆಗಿದ್ದವರು ಮೂವರು. ಹುಕ್ಕೇರಿ ತಾಲ್ಲೂಕಿನಿಂದ ಬಂದು ಭೋಸರಿಯ ಕಾರ್ಖಾನೆಯಲ್ಲಿ ಲೇತ್ ಓಡಿಸಿ ನಿವೃತ್ತರಾದ, ನಮ್ಮ ಕಟ್ಟಡದ ಕನ್ನಡಿಗರೆಲ್ಲ ಕಾಕಾ ಎಂದೇ ಕರೆಯುವ ಹಿರಿಯರು, ಮೇಲಿನ ಮಹಡಿಯ ಮರಾಠಿ ಗೆಳೆಯ, ಮತ್ತು ನಾನು. ನನ್ನ ಕೆಲಸ ಔಷಧ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ. ಆದ್ದರಿಂದ ಮುಂದೆ ನಡೆದದ್ದನ್ನೆಲ್ಲ ಅನುಕಂಪಕ್ಕಿಂತ ಕುತೂಹಲದಿಂದಲೇ ಹೆಚ್ಚು ನೋಡಿದೆ ಎಂದು ಮನೆಯಲ್ಲಿ ಬೈಸಿಕೊಂಡಿದ್ದೇನೆ.

ಮಿಸಳ್ ತಿನ್ನದವರಿಗಾಗಿ ಎರಡು ಮಾತು. ಮೊಳಕೆ ಬಂದ ಮಡಕೆ ಕಾಳಿನ ಉಸಳಿಯ, ಅಂದರೆ ಪಲ್ಯದ, ಮೇಲೆ ಫರಸಾಣ ಎಂಬ ಕುರುಕಲು ಮಿಶ್ರಣ, ಹೆಚ್ಚಿದ ಈರುಳ್ಳಿ, ಕೊತ್ತಂಬರಿ. ಅದರ ಮೇಲೆ ಬಿಸಿ ರಸ್ಸಾ, ಅಂದರೆ ತೆಳು ಮಸಾಲೆ ಸಾರು. ಪಾವ್ ಅಥವಾ ಬ್ರೆಡ್ ಜೊತೆಗೆ ತಿನ್ನುತ್ತಾರೆ. ರಸ್ಸಾದ ಮೇಲೆ ತೇಲುವ ಕೆಂಪು ಎಣ್ಣೆಗೆ ತರ್ರಿ ಎಂದು ಹೆಸರು. ಪುಣೆಯ ಹಳೆಯ ಮನೆತನದ ಮಿಸಳ್ ಸೌಮ್ಯ, ಸ್ವಲ್ಪ ಸಿಹಿಯೂ ಇರುತ್ತದೆ. ಕೊಲ್ಹಾಪುರದ್ದು ಹಾಗಲ್ಲ. ತಟ್ಟೆಯ ಪಕ್ಕದಲ್ಲಿ ಬರುವ ಹೆಚ್ಚುವರಿ ರಸ್ಸಾದ ಬಟ್ಟಲಿಗೆ ಇಲ್ಲಿ ‘ಸ್ಯಾಂಪಲ್’ ಎನ್ನುತ್ತಾರೆ. ಆ ಸ್ಯಾಂಪಲ್ ಈ ಪ್ರಕರಣದಲ್ಲಿ ಮುಖ್ಯ ಪಾತ್ರಧಾರಿ.

ಮಾಣಿ ಬಂದು ಸೌಮ್ಯವೋ ಮಧ್ಯಮವೋ ಝಣಝಣೀತವೋ ಎಂದು ಕೇಳಿದಾಗ ಹುಡುಗ ಮೂರನೆಯದನ್ನೇ ಹೇಳಿದ. ಕಾಕಾ ತಮಗೆ ಮಧ್ಯಮ ಎಂದರು. “ಏನು ಕಾಕಾ, ಬೆಳಗಾವಿ ಕಡೆಯವರಾಗಿ ಮಧ್ಯಮ?” ಎಂದು ಹುಡುಗ ಕಾಲೆಳೆದ. ಕಾಕಾ ಉತ್ತರ ಕೊಡಲಿಲ್ಲ. ತಟ್ಟೆ ಬಂದ ಕೂಡಲೇ ಅವರು ಮಾಡಿದ ಮೊದಲ ಕೆಲಸವೆಂದರೆ ಚಮಚದ ಬೆನ್ನಿನಿಂದ ತರ್ರಿಯನ್ನು ಬಟ್ಟಲಿನ ಒಂದು ಅಂಚಿಗೆ ಸರಿಸಿ, ಅಡಿಯಿಂದ ರಸ್ಸಾ ಎತ್ತಿಕೊಂಡದ್ದು. ಹುಡುಗ ಇದಕ್ಕೆ ತದ್ವಿರುದ್ಧ. ಸ್ಯಾಂಪಲ್ ಬಟ್ಟಲಿನ ಮೇಲಿನ ಕೆಂಪನ್ನೇ ಆರಿಸಿ ಆರಿಸಿ ಸುರಿದುಕೊಂಡ, ಪಾವನ್ನು ಅದರಲ್ಲೇ ಅದ್ದಿದ. ಪಕ್ಕದಲ್ಲಿದ್ದ ಠೇಚಾವನ್ನು, ಅಂದರೆ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಜಜ್ಜಿದ ಚಟ್ನಿಯನ್ನು, ಉಪ್ಪಿನಕಾಯಿ ಮುಟ್ಟುವಂತೆ ಬೆರಳಲ್ಲೇ ಚಿವುಟಿ ಬಾಯಿಗಿಟ್ಟ.

ಮೊದಲ ಕೆಲವು ತುತ್ತು ಏನೂ ಆಗಲಿಲ್ಲ. ಇದೇ ಮೋಸ. ಎಣ್ಣೆಯಲ್ಲಿ ಅಡಗಿರುವ ಖಾರ ನಾಲಿಗೆಗೆ ತಡವಾಗಿ ತಾಗುತ್ತದೆ, ತಾಗಿದ ಮೇಲೆ ಬಿಡುವುದೂ ತಡವಾಗಿಯೇ. ಅರ್ಧ ತಟ್ಟೆಯ ಹೊತ್ತಿಗೆ ಹುಡುಗನ ಮಾತು ನಿಂತಿತು. ಆಮೇಲೆ ಬಿಕ್ಕಳಿಕೆ. ಹಣೆಯಲ್ಲಲ್ಲ, ಮೊದಲು ಕಣ್ಣಿನ ಕೆಳಗೆ ಮತ್ತು ಮೇಲ್ತುಟಿಯ ಮೇಲೆ ಬೆವರಿನ ಸಣ್ಣ ಹನಿಗಳು ಕಾಣಿಸಿಕೊಂಡವು, ಮೂಗು ಸೋರಿತು, ಕಿವಿ ಕೆಂಪಾಯಿತು. “ಇದೆಂತ ಖಾರ ಮಾರಾಯರೆ” ಎಂದವನು ಮೇಜಿನ ಮೇಲಿನ ತಣ್ಣೀರಿನ ಜಗ್ಗನ್ನೇ ಎತ್ತಿದ.

ಇಲ್ಲಿಂದ ಸಲಹೆಗಳ ಮೆರವಣಿಗೆ. ತಣ್ಣೀರು ಬಾಯಲ್ಲಿರುವಷ್ಟು ಹೊತ್ತು ಉರಿ ನಿಂತಂತೆ ಕಂಡಿತು, ನುಂಗಿದ ಮರುಕ್ಷಣ ಮೊದಲಿಗಿಂತ ಹರಡಿಕೊಂಡು ಬಂತು. ಅದುವರೆಗೆ ನಾಲಿಗೆಯಲ್ಲಿದ್ದದ್ದು ಈಗ ಗಂಟಲಿನಲ್ಲೂ. ಮರಾಠಿ ಗೆಳೆಯ ‘ಕಡಕ್ ಚಹಾ ಕುಡಿ, ಉಷ್ಣಕ್ಕೆ ಉಷ್ಣವೇ ಮದ್ದು’ ಎಂದು ಬಿಸಿ ಚಹಾ ತರಿಸಿದ. ಒಂದೇ ಗುಟುಕಿಗೆ ಹುಡುಗ ಕುರ್ಚಿಯಿಂದ ಎದ್ದ. ಪಕ್ಕದ ಮೇಜಿನವರೊಬ್ಬರು ಸೋಡಾ ಎಂದರು. ಗುಳ್ಳೆಗಳು ಉರಿಯುವ ನಾಲಿಗೆಗೆ ಚುಚ್ಚಿದವೇ ಹೊರತು ಬೇರೆ ಉಪಕಾರವಾಗಲಿಲ್ಲ. ಅಂಗಡಿಯವರು ಕರುಣೆಯಿಂದ ಮಠ್ಠಾ ಕೊಟ್ಟರು. ಮಜ್ಜಿಗೆ ಸರಿಯಾದ ಮದ್ದೇ. ಆದರೆ ಈ ಮಠ್ಠಾದಲ್ಲಿ ಶುಂಠಿಯ ಜೊತೆ ಹಸಿಮೆಣಸಿನಕಾಯಿಯನ್ನೂ ಅರೆದು ಹಾಕಿದ್ದರು. ಲೋಟದ ಅಂಚಿಗೆ ಅಂಟಿದ್ದ ಹಸಿರು ಚೂರನ್ನು ಕಾಕಾ ನೋಡುವ ಹೊತ್ತಿಗೆ ಅರ್ಧ ಲೋಟ ಒಳಗೆ ಹೋಗಿತ್ತು.

ಕೊನೆಗೆ ಕಾಕಾ ಎದ್ದು ಪಕ್ಕದ ಡೇರಿಯಿಂದ ಸಪ್ಪೆ ಗಟ್ಟಿ ಮೊಸರಿನ ಡಬ್ಬಿ ತಂದರು. “ನುಂಗಬೇಡ ತಮ್ಮಾ, ಬಾಯಲ್ಲಿ ಇಟ್ಟುಕೋ. ನಾಲಿಗೆಯ ಮೇಲೆ ಆಡಿಸು. ಆಮೇಲೆ ಉಗುಳು” ಎಂದರು. ಹುಡುಗ ಹಾಗೆಯೇ ಮಾಡಿದ. ನಡುವೆ ಒಣ ಪಾವಿನ ಚೂರನ್ನು ಅಗಿಸಿದರು. ಮೂರ್ನಾಲ್ಕು ಚಮಚ ಮೊಸರು ಮುಗಿಯುವಷ್ಟರಲ್ಲಿ ಬಿಕ್ಕಳಿಕೆ ನಿಂತು ಮಾತು ಮರಳಿತು.

ಪ್ರಾಮಾಣಿಕವಾಗಿ ಹೇಳುವುದಾದರೆ ಪೂರ್ತಿ ಹೆಸರು ಮೊಸರಿಗೆ ಸಲ್ಲುವುದಿಲ್ಲ. ಬಾಯಿಯ ಉರಿ ಏನೂ ಮಾಡದಿದ್ದರೂ ಸ್ವಲ್ಪ ಹೊತ್ತಿಗೆ ತಾನಾಗಿ ಇಳಿಯುವಂಥದ್ದು. ಹಾಗಾಗಿ ಎಲ್ಲರ ಮನೆಯಲ್ಲೂ ಕೊನೆಗೆ ಕೊಟ್ಟ ಮದ್ದೇ ರಾಮಬಾಣ ಎನಿಸಿಕೊಳ್ಳುತ್ತದೆ. ಆದರೆ ಇಲ್ಲಿ ಒಂದು ವ್ಯತ್ಯಾಸ ಕಣ್ಣಿಗೆ ಬಿತ್ತು: ತಣ್ಣೀರಿನ ತಂಪು ನುಂಗಿದೊಡನೆ ಹೋಯಿತು, ಮೊಸರಿನದು ಉಗುಳಿದ ಮೇಲೂ ಉಳಿಯಿತು.

ಏಕೆ ಉಳಿಯಿತು ಎಂಬುದಕ್ಕೆ ವಿವರಣೆ ಇದೆ. ಮೆಣಸಿನಕಾಯಿಯ ಖಾರ ಮುಖ್ಯವಾಗಿ ಕ್ಯಾಪ್ಸೈಸಿನ್ ಎಂಬ ವಸ್ತುವಿನದು. ಇದು ರುಚಿಯಲ್ಲ, ನೋವು. ನಾಲಿಗೆಯ ನರತುದಿಗಳಲ್ಲಿ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯನ್ನು ಗುರುತಿಸಿ ಮಿದುಳಿಗೆ ದೂರು ಕೊಡುವ ಒಂದು ಗ್ರಾಹಕವಿದೆ, ಹೆಸರು ಟಿಆರ್‌ಪಿವಿ1. ಕ್ಯಾಪ್ಸೈಸಿನ್ ಹೋಗಿ ಅದೇ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಬಾಯಲ್ಲಿ ಬೆಂಕಿ ಇಲ್ಲದಿದ್ದರೂ ಬೆಂಕಿ ಬಿದ್ದಿದೆ ಎಂಬ ಸುದ್ದಿ ಮಿದುಳಿಗೆ ಮುಟ್ಟುತ್ತದೆ, ಮಿದುಳು ಬೆವರು ಬಿಟ್ಟು ಮೈ ತಂಪು ಮಾಡಲು ಹೊರಡುತ್ತದೆ. ಅಮೆರಿಕದ ಡೇವಿಡ್ ಜೂಲಿಯಸ್ ಅವರ ತಂಡ ಈ ಗ್ರಾಹಕವನ್ನು 1997ರಲ್ಲಿ ಗುರುತಿಸಿತು. 2021ರಲ್ಲಿ ಅವರಿಗೆ ಆರ್ಡೆಮ್ ಪಟಪೂಟಿಯನ್ ಅವರ ಜೊತೆ ನೊಬೆಲ್ ಬಂತು. ಬಿಸಿ ಚಹಾ ಯಾಕೆ ಕೈಕೊಟ್ಟಿತು ಎಂಬುದಕ್ಕೂ ಉತ್ತರ ಇದರಲ್ಲೇ ಇದೆ. ಕ್ಯಾಪ್ಸೈಸಿನ್ ಅಂಟಿದ ಗ್ರಾಹಕ ಇನ್ನಷ್ಟು ಕಡಿಮೆ ಬಿಸಿಗೂ ಕೂಗಿಕೊಳ್ಳುತ್ತದೆ. ದಿನವೂ ಹಿತವೆನಿಸುವ ಚಹಾ ಆಗ ಕುದಿಯುವ ಎಣ್ಣೆಯಂತೆ ತಾಗುತ್ತದೆ.

ಇನ್ನು ನೀರು. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಎಣ್ಣೆ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ಎಣ್ಣೆ ಜಿಡ್ಡಿನ ಬಾಣಲೆಗೆ ಬರೀ ನೀರು ಸುರಿದಂತೆ ಅದು ಜಾರಿ ಹೋಗುತ್ತದೆ. ಹಾಲು ಮೊಸರಿನಲ್ಲಿ ಕೊಬ್ಬಿನ ಜೊತೆಗೆ ಕೇಸಿನ್ ಎಂಬ ಪ್ರೋಟೀನ್ ಇದೆ, ಅದು ಖಾರದ ಕಣಗಳನ್ನು ಹಿಡಿದು ತನ್ನೊಂದಿಗೆ ಕೊಂಡೊಯ್ಯುತ್ತದೆ. 2019ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನದಲ್ಲಿ ಖಾರದ ಪಾನೀಯ ಕುಡಿದವರಿಗೆ ಹಾಲು, ಸಿಹಿ ಷರಬತ್ತು, ಕೋಲಾ, ಸೋಡಾ ನೀರು, ಆಲ್ಕೋಹಾಲ್ ಇಲ್ಲದ ಬಿಯರ್ ಮುಂತಾದವನ್ನು ಕೊಟ್ಟು ನೋಡಿದ್ದರು. ಗೆದ್ದದ್ದು ಹಾಲು, ಅದರ ಬೆನ್ನಿಗೇ ಸಿಹಿ ಷರಬತ್ತು. ಕೆನೆ ತೆಗೆದ ಹಾಲೂ ಕೆನೆಹಾಲಿನಷ್ಟೇ ಕೆಲಸ ಮಾಡಿತು ಎಂಬುದು ಗಮನಿಸಬೇಕಾದ ಸಂಗತಿ. ಎಲ್ಲ ಕೀರ್ತಿಯನ್ನೂ ಕೊಬ್ಬಿಗೆ ಕಟ್ಟುವ ಹಾಗಿಲ್ಲ. ಸೋಡಾ, ಬಿಯರ್ ಹಿಂದೆ ಬಿದ್ದವು. ಖಾರಕ್ಕೆ ಬಿಯರೇ ಜೋಡಿ ಎಂದು ವಾದಿಸುವ ಸಹೋದ್ಯೋಗಿಗಳು ನನಗಿದ್ದಾರೆ. ಅವರು ಬೇರೆ ಕಾರಣ ಹುಡುಕಿಕೊಳ್ಳಲಿ.

ಇಷ್ಟು ಚಿಕಿತ್ಸೆಯ ಭಾಗ. ನನ್ನ ಮಟ್ಟಿಗೆ ಪ್ರಕರಣದ ಸ್ವಾರಸ್ಯ ಇರುವುದು ಹುಡುಗ ಇಲ್ಲಿಗೆ ಬಂದು ಮುಟ್ಟಿದ ಬಗೆಯಲ್ಲಿ. ಅವನು ಸುಳ್ಳು ಜಂಬ ಕೊಚ್ಚಿರಲಿಲ್ಲ. ಅವನ ಮನೆಯ ಅಡುಗೆ ನಿಜವಾಗಿಯೂ ಆ ಮಿಸಳ್‌ಗಿಂತ ಕೆಂಪು. ಆದರೆ ಕರಾವಳಿಯ ಆ ಕೆಂಪು ಬ್ಯಾಡಗಿ ಮೆಣಸಿನಕಾಯಿಯದು. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ, 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಸುಕ್ಕುಗಟ್ಟಿದ ಕಾಯಿಗೆ ಬೇಡಿಕೆ ಇರುವುದೇ ಬಣ್ಣಕ್ಕಾಗಿ. ಅದರಿಂದ ತೆಗೆದ ಓಲಿಯೋರೆಸಿನ್ ಎಂಬ ಗಾಢ ಎಣ್ಣೆಸಾರ ಆಹಾರದ ಜೊತೆಗೆ ತುಟಿಬಣ್ಣ, ಉಗುರುಬಣ್ಣದ ಕಾರ್ಖಾನೆಗಳಿಗೂ ಹೋಗುತ್ತದೆ. ಖಾರವನ್ನು ಅಳೆಯುವ ಸ್ಕೋವಿಲ್ ಮಾನದಲ್ಲಿ ಬ್ಯಾಡಗಿ ಸಾಮಾನ್ಯವಾಗಿ 8,000ದಿಂದ 15,000ದ ಒಳಗೆ. ಗುಂಟೂರಿನ ಸನ್ನಂ 35,000ದಿಂದ 40,000. ಬಣ್ಣ ಕೊಡುವ ಕ್ಯಾಪ್ಸಾಂಥಿನ್ ಬೇರೆ, ಉರಿ ಕೊಡುವ ಕ್ಯಾಪ್ಸೈಸಿನ್ ಬೇರೆ. ಒಂದು ಹೆಚ್ಚಿದ್ದರೆ ಇನ್ನೊಂದೂ ಹೆಚ್ಚಿರಬೇಕೆಂಬ ನಿಯಮವಿಲ್ಲ. ಬೀಜದಲ್ಲಿ ಖಾರ ಎಂಬ ಮಾತೂ ಪೂರ್ತಿ ನಿಜವಲ್ಲ. ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳಿನಲ್ಲಿ ಅದು ತಯಾರಾಗುತ್ತದೆ.

ಹೀಗೆ ವರ್ಷಗಟ್ಟಲೆ ಬ್ಯಾಡಗಿಯ ಕೆಂಪು ನೋಡಿ ಪಳಗಿದ ಕಣ್ಣು ‘ಇಷ್ಟು ಕೆಂಪೆಂದರೆ ಇಷ್ಟು ಖಾರ’ ಎಂದು ಒಂದು ಲೆಕ್ಕ ಹಾಕಿಟ್ಟುಕೊಂಡಿರುತ್ತದೆ. ಮೇಲಾಗಿ ಕರಾವಳಿಯ ಮಸಾಲೆಗೆ ತೆಂಗಿನಕಾಯಿ ಬೀಳುತ್ತದೆ, ಘೀ ರೋಸ್ಟ್‌ಗೆ ಹೆಸರೇ ಹೇಳುವಂತೆ ತುಪ್ಪ ಮತ್ತು ಜೊತೆಗೆ ಮೊಸರು. ಉರಿಗೆ ಮದ್ದನ್ನು ಅಡುಗೆಯೊಳಗೇ ಇಟ್ಟು ಬಡಿಸುವ ಪದ್ಧತಿ ಅದು. ಆ ಲೆಕ್ಕ ಪುಣೆಯಲ್ಲಿ ತಲೆಕೆಳಗಾಯಿತು. ಕಾಕಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಭಟ್ಟನನ್ನು ವಿಚಾರಿಸಿದಾಗ ಸಿಕ್ಕ ಉತ್ತರ: ಬಣ್ಣಕ್ಕೆ ಕಾಶ್ಮೀರಿ, ಖಾರಕ್ಕೆ ಲವಂಗಿ ಮತ್ತು ಸಂಕೇಶ್ವರಿ ಮೆಣಸಿನಕಾಯಿ, ಮೇಲೆ ಈರುಳ್ಳಿ ಬೆಳ್ಳುಳ್ಳಿಯ ಕಾಂದಾ ಲಸೂಣ ಮಸಾಲೆ. ಸಂಕೇಶ್ವರಿ ಎಂದ ಕೂಡಲೇ ಕಾಕಾ ಮುಖ ಅರಳಿತು. ಸಂಕೇಶ್ವರ ಅವರದೇ ಹುಕ್ಕೇರಿ ತಾಲ್ಲೂಕು. “ನಿನ್ನನ್ನು ಅಳಿಸಿದ್ದು ಮರಾಠಿ ಮೆಣಸಿನಕಾಯಿ ಅಲ್ಲ, ನಮ್ಮ ಊರಿನದು” ಎಂದು ಹುಡುಗನ ಬೆನ್ನು ತಟ್ಟಿದರು. ಅವರಿಗೆ ಅದರಲ್ಲಿ ಇದ್ದ ಹೆಮ್ಮೆಯಲ್ಲಿ ಹುಡುಗ ಪಾಲುದಾರನಾಗಲಿಲ್ಲ.

ಸ್ಕೋವಿಲ್ ಮಾನದ ಹುಟ್ಟಿನ ಕಥೆಯೂ ಇಲ್ಲಿ ಒಗ್ಗುತ್ತದೆ. 1912ರಲ್ಲಿ ಅಮೆರಿಕದ ಔಷಧ ತಜ್ಞ ವಿಲ್ಬರ್ ಸ್ಕೋವಿಲ್ ಮೆಣಸಿನಕಾಯಿಯ ಸಾರವನ್ನು ಸಕ್ಕರೆ ನೀರಿನಲ್ಲಿ ತೆಳುವಾಗಿಸುತ್ತ, ರುಚಿ ನೋಡುವವರ ನಾಲಿಗೆಗೆ ಖಾರ ಗೊತ್ತಾಗದಂತಾಗಲು ಎಷ್ಟು ಪಟ್ಟು ತೆಳುವಾಗಿಸಬೇಕು ಎಂದು ಲೆಕ್ಕ ಹಾಕಿದರು. ಈಗ ಅದನ್ನು ಯಂತ್ರದಿಂದ ಅಳೆಯುತ್ತಾರೆ. ನನ್ನ ಪ್ರಯೋಗಾಲಯದಲ್ಲಿ ಮಾತ್ರೆಗಳ ಪರೀಕ್ಷೆಗೆ ಬಳಸುವ ಕ್ರೊಮ್ಯಾಟೋಗ್ರಫಿ ವಿಧಾನವೇ ಇದಕ್ಕೂ. ಯಂತ್ರಕ್ಕೆ ಬಣ್ಣದ ಭ್ರಮೆ ಇಲ್ಲ.

ಎರಡನೆಯ ಅಂಕ ಕೈ ತೊಳೆಯುವ ಕಟ್ಟೆಯಲ್ಲಿ. ಬಾಯಿ ತಣಿದ ಮೇಲೆ ಹುಡುಗ ನಲ್ಲಿಗೆ ಹೋಗಿ ಕೈ ತೊಳೆದ, ಬರೀ ನೀರಿನಲ್ಲಿ. ನಂತರ ನೀರು ತುಂಬಿದ್ದ ಕಣ್ಣನ್ನು ಠೇಚಾ ಚಿವುಟಿದ್ದ ಬೆರಳಿನಿಂದಲೇ ಒರೆಸಿಕೊಂಡ. ಬಾಯಿಯ ಉರಿಗೆ ನಗುತ್ತಿದ್ದವರು ಈಗ ನಗು ನಿಲ್ಲಿಸಿದೆವು. ಕಣ್ಣು ತೆರೆಯಲಾಗದೆ ಆತ ಮತ್ತೆ ಉಜ್ಜಲು ಹೊರಟಾಗ ಕಾಕಾ ಕೈ ಹಿಡಿದುಕೊಂಡರು. ಅಂಗಡಿಯಿಂದ ಒಂದು ಚಮಚ ಶೇಂಗಾ ಎಣ್ಣೆ ತರಿಸಿ ಅವನ ಬೆರಳುಗಳಿಗೆ, ಉಗುರಿನ ಸಂದಿಗೂ ಹಚ್ಚಿ ಉಜ್ಜಿಸಿ, ಕಾಗದದಿಂದ ಒರೆಸಿ, ಪಾತ್ರೆ ತೊಳೆಯುವ ಸಾಬೂನಿನಿಂದ ಎರಡು ಸಲ ತೊಳೆಸಿದರು. ಎಣ್ಣೆ ಖಾರವನ್ನು ಚರ್ಮದಿಂದ ಬಿಡಿಸುತ್ತದೆ, ಸಾಬೂನು ಎಣ್ಣೆಯನ್ನು. ಲೇತ್ ಯಂತ್ರದ ಗ್ರೀಸ್ ತೊಳೆದು ತೊಳೆದು ಅವರಿಗೆ ಇದು ರೂಢಿ ಎಂದು ಕಾಣುತ್ತದೆ.

ಕಣ್ಣಿಗೆ ಮಾತ್ರ ಎಣ್ಣೆಯೂ ಬೇಡ, ಹಾಲೂ ಬೇಡ. ಹಾಲು ಹಾಕಿ ಎಂದು ಒಬ್ಬರು ಹೇಳಿಯೂ ಹೇಳಿದರು. ಕಾಯಿಸದ ಡೇರಿ ಹಾಲನ್ನು ಕೆರಳಿದ ಕಣ್ಣಿಗೆ ಬಿಟ್ಟು ಸೋಂಕನ್ನು ಕರೆದು ತರುವುದು ಯಾವ ಜಾಣತನ? ಕಣ್ಣಿಗೆ ಬೇಕಾದದ್ದು ಶುದ್ಧ ನೀರು, ಧಾರಾಳವಾಗಿ, ರೆಪ್ಪೆ ಬಡಿಯುತ್ತ, ಕಾಲು ಗಂಟೆಯಾದರೂ. ಬಾಯಿಗೆ ಕೈಕೊಟ್ಟ ನೀರು ಕಣ್ಣಿಗೆ ಆಗಿಬರುತ್ತದೆ, ಏಕೆಂದರೆ ಅಲ್ಲಿ ಕರಗಿಸುವುದಕ್ಕಿಂತ ಹರಿಯುವ ನೀರು ಕಣ್ಣೀರಿನ ಜೊತೆ ಸೇರಿ ಕೊಚ್ಚಿ ಒಯ್ಯುವುದು ಮುಖ್ಯ. ಕಾಂಟ್ಯಾಕ್ಟ್ ಲೆನ್ಸ್ ಇದ್ದಿದ್ದರೆ ಕೈ ಸ್ವಚ್ಛವಾದ ಮೇಲೆ ಮೊದಲು ಅದನ್ನು ತೆಗೆಯಬೇಕಿತ್ತು. ಹುಡುಗನದು ಕನ್ನಡಕ. ಮನೆ ಮುಟ್ಟುವ ಹೊತ್ತಿಗೆ ಕಣ್ಣು ಕೆಂಪಗಿದ್ದರೂ ನೋವು ಇರಲಿಲ್ಲ, ದೃಷ್ಟಿ ಸರಿಯಾಗಿತ್ತು. ನೋವು ಉಳಿದಿದ್ದರೆ ಅಥವಾ ಮಂಜಾಗಿ ಕಂಡಿದ್ದರೆ ನೇರವಾಗಿ ಕಣ್ಣಿನ ವೈದ್ಯರ ಬಳಿಗೆ ಎಂದು ಮಾತಾಗಿತ್ತು.

ರಾತ್ರಿ ಹೊಟ್ಟೆ ಮತ್ತು ಎದೆಯುರಿ. ಟಿಆರ್‌ಪಿವಿ1 ಬಾಯಲ್ಲಿ ಮಾತ್ರವಲ್ಲ, ಅನ್ನನಾಳದಿಂದ ಗುದದ್ವಾರದವರೆಗೂ ಇದೆ. ಹಾಗಾಗಿ ತಿಂದವನಿಗೆ ಮರುದಿನ ಬೆಳಿಗ್ಗೆ ಇನ್ನೊಂದು ನೆನಪೋಲೆ ಬಂದೇ ಬರುತ್ತದೆ, ಬಂತು. ಊರಿಗೆ ಫೋನ್ ಮಾಡಿದಾಗ ತಾಯಿ ಹೇಳಿದ್ದು ಕುಚ್ಚಲಕ್ಕಿ ಗಂಜಿ, ಉಪ್ಪು, ಮೇಲೆ ಮೊಸರು. ಅಷ್ಟರಲ್ಲೇ ಸುಧಾರಿಸಿತು. ಆಂಟಾಸಿಡ್ ಮಾತ್ರೆ ಹೊಟ್ಟೆಯ ಆಮ್ಲವನ್ನು ತಗ್ಗಿಸಿ ಎದೆಯುರಿಗೆ ನೆರವಾದೀತು, ಖಾರವನ್ನು ಅದು ಮುಟ್ಟುವುದಿಲ್ಲ. ಬಲವಂತವಾಗಿ ವಾಂತಿ ಮಾಡಿಸುವ ಸಲಹೆಯೂ ಬಂದಿತ್ತು. ಅದನ್ನು ನಾನು ಖಡಾಖಂಡಿತವಾಗಿ ತಡೆದೆ. ಒಳಗೆ ಹೋದ ಖಾರ ಹೊರಬರುವಾಗ ಅನ್ನನಾಳವನ್ನು ಇನ್ನೊಮ್ಮೆ ಸುಡುತ್ತದೆ. ಅತಿಖಾರದ ಭೂತ್ ಜೊಲೊಕಿಯಾ ಮೆಣಸಿನಕಾಯಿ ಹಚ್ಚಿದ ಬರ್ಗರ್ ತಿಂದು, ತಡೆಯಿಲ್ಲದ ವಾಂತಿಯಿಂದ ಅನ್ನನಾಳವೇ ಹರಿದು ಶಸ್ತ್ರಚಿಕಿತ್ಸೆಗೆ ಒಳಗಾದ ಒಬ್ಬನ ಪ್ರಕರಣ 2016ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಸ್ಪರ್ಧೆಗೆಂದು ಕೆರೋಲಿನಾ ರೀಪರ್ ಮೆಣಸಿನಕಾಯಿ ತಿಂದು ಸಿಡಿಲು ಬಡಿದಂಥ ತಲೆನೋವಿನಿಂದ ಆಸ್ಪತ್ರೆ ಸೇರಿದವನ ವರದಿ 2018ರದು. ಮಿದುಳಿನ ರಕ್ತನಾಳಗಳು ತಾತ್ಕಾಲಿಕವಾಗಿ ಸಂಕುಚಿತಗೊಂಡಿದ್ದವು. ಮಿಸಳ್ ಆ ಮಟ್ಟದ ಖಾರವೇನಲ್ಲ. ಆದರೂ ಎದೆನೋವು, ಉಸಿರಾಟದ ತೊಂದರೆ, ನಿಲ್ಲದ ವಾಂತಿ, ವಾಂತಿಯಲ್ಲಿ ರಕ್ತ, ಹಠಾತ್ತನೆ ಬಂದ ಭೀಕರ ತಲೆನೋವು ಇವುಗಳಲ್ಲಿ ಯಾವುದು ಕಂಡರೂ ಮೊಸರಿನ ಡಬ್ಬಿ ಕೆಳಗಿಟ್ಟು ಆಸ್ಪತ್ರೆಗೆ ಹೊರಡಬೇಕು.

ಮೇಜಿನ ಸುತ್ತ ಬಗೆಹರಿಯದೆ ಉಳಿದ ಒಂದು ವಾದವನ್ನೂ ದಾಖಲಿಸಬೇಕು. ಕಾಕಾ ಮೊಸರಿಗಿಂತ ಬೆಲ್ಲವನ್ನು ನಂಬುವವರು. ಅಂದು ಬೆಲ್ಲ ಸಿಗಲಿಲ್ಲ ಎಂಬುದಷ್ಟೇ ಮೊಸರು ತಂದದ್ದಕ್ಕೆ ಕಾರಣವಂತೆ. ಸಿಹಿ ಖಾರದ ಅನುಭವವನ್ನು ತಗ್ಗಿಸುತ್ತದೆ ಎಂಬುದು ನಿಜವೇ. ಸಿಹಿಯೂ ಹಾಲೂ ತಂಪೂ ಒಟ್ಟಿಗೆ ಸಿಗುವ ಪುಣೆಯ ಮಸ್ತಾನಿಯನ್ನು ಮರಾಠಿ ಗೆಳೆಯ ಮುಂದಿಟ್ಟ. ತತ್ವದಲ್ಲಿ ಅವನ ಮಾತು ಸರಿ, ಆದರೆ ಐಸ್‌ಕ್ರೀಮ್ ಮುಳುಗಿಸಿದ ಅಷ್ಟು ದೊಡ್ಡ ಲೋಟವನ್ನು ಕೆರಳಿದ ಹೊಟ್ಟೆಗೆ ಇಳಿಸುವುದಕ್ಕೆ ನನ್ನ ಮತವಿಲ್ಲ. ಹುಡುಗ ತೆಂಗಿನ ಹಾಲಿನ ಸೋಲ್ ಕಡಿಯ ಪರ. ಅದರಲ್ಲಿ ಕೊಬ್ಬುಂಟು, ಕೇಸಿನ್ ಇಲ್ಲ. ಕೆಲವು ಕಡೆ ಅದಕ್ಕೂ ಹಸಿಮೆಣಸಿನಕಾಯಿ ಹಾಕುತ್ತಾರೆ, ಕೇಳಿ ತೆಗೆದುಕೊಳ್ಳುವುದು ಕ್ಷೇಮ.

ಮುಂದಿನ ತಿಂಗಳುಗಳಲ್ಲಿ ಹುಡುಗನ ನಾಲಿಗೆ ಸ್ವಲ್ಪ ಪಳಗಿದೆ. ಪದೇ ಪದೇ ಕ್ಯಾಪ್ಸೈಸಿನ್ ತಾಗಿದರೆ ನರತುದಿಗಳು ಮೊದಲಿನಷ್ಟು ದೂರು ಕೊಡುವುದಿಲ್ಲ. ಇದಕ್ಕೆ ಕಾಕಾ ಮನೆಯ ಊಟವೂ ನೆರವಾಯಿತು. ಜೋಳದ ರೊಟ್ಟಿಗೆ ಕೆಂಪು ಮೆಣಸಿನಕಾಯಿಯ ರಂಜಕ ಹಚ್ಚಿ, ಅದರ ಮೇಲೆ ನಿಂಬೆಹಣ್ಣಿನ ಗಾತ್ರದ ಬೆಣ್ಣೆ ಇಟ್ಟು ಕಾಕಾ ಅವರ ಹೆಂಡತಿ ಕಾಕು ಬಡಿಸುತ್ತಾರೆ. ಖಾರ ತಿನ್ನುವುದನ್ನು ಅವನು ನಿಜವಾಗಿ ಕಲಿತದ್ದು ಅಲ್ಲಿ. ಝಣಝಣೀತ ಎಂದು ಕೇಳಿ ತರಿಸಿ ಗೆಲ್ಲುವ ಪಂದ್ಯಗಳ ಬಗ್ಗೆ ನನಗೆ ಗೌರವವಿಲ್ಲ, ಅವನಿಗೂ ಈಗ ಇಲ್ಲ. ಅದೇ ಅಂಗಡಿಗೆ ಹೋದಾಗ ಮಧ್ಯಮ ಮಿಸಳ್, ತರ್ರಿ ಬೇರೆ ಬಟ್ಟಲಲ್ಲಿ, ಸಪ್ಪೆ ಮೊಸರು ಮೊದಲೇ ಮೇಜಿನ ಮೇಲೆ ಎಂದು ಹೇಳುತ್ತಾನೆ. ಠೇಚಾಕ್ಕೆ ಚಮಚ ಕೇಳಿ ಪಡೆಯುತ್ತಾನೆ. ಕಾಕಾ ಮಾತ್ರ ಈಚೆಗೆ ಅವನ ತಾಯಿ ಕಳಿಸಿದ ಘೀ ರೋಸ್ಟ್ ರುಚಿ ನೋಡಿ, ಚೆನ್ನಾಗಿದೆ, ಆದರೆ ಖಾರ ಹಾಕಲು ಮರೆತಿದ್ದಾರೆ ಎಂದು ತೀರ್ಪು ಕೊಟ್ಟಿದ್ದಾರೆ. ಹುಡುಗ ಇನ್ನೂ ಆ ಮಾತನ್ನು ಊರಿಗೆ ತಿಳಿಸಿಲ್ಲ.